ಹತ್ತು ತಲೆ, ಒಂದು ಬಾಣ

ರಾಕ್ಷಸರ ಬಾಡಿಗೆ ದೇವರ ಬಾಡಿಗೆಗಿಂತ ಯಾವಾಗಲೂ ಒಂದು ಕೈ ಮೇಲೆಯೇ ಇರಬೇಕು. ಈ ಕಸುಬಿಗೆ ಬರುವವರು ಮೊದಲು ಕಲಿಯಬೇಕಾದ ಪಾಠ ಇದು. ದೇವರಿಗೆ ಏನು ಬೇಕು? ಒಂದು ಪೀತಾಂಬರ, ಒಂದು ಕಿರೀಟ, ಮುಖಕ್ಕೆ ಸ್ವಲ್ಪ ನೀಲಿ. ಉಳಿದದ್ದನ್ನು ಜನರ ಭಕ್ತಿ ತುಂಬಿಕೊಡುತ್ತದೆ. ರಾಕ್ಷಸನಿಗೆ ಯಾರ ಭಕ್ತಿಯೂ ಇಲ್ಲ. ಅವನ ಕೋರೆಹಲ್ಲು, ಮೀಸೆ, ಗುಂಗುರು ಕೂದಲು, ಹೊಟ್ಟೆಯ ಮೇಲಿನ ಪಟ್ಟಿ ಎಲ್ಲವನ್ನೂ ನಾವೇ ಮಾಡಿಕೊಡಬೇಕು.

ಚನ್ನಗಿರಿಯಲ್ಲಿ ಅಡಿಕೆ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುತ್ತ ನನ್ನ ಆಯುಷ್ಯ ಕಳೆಯಿತು. ರವಿಕೆ ಹೊಲಿಯುತ್ತಿದ್ದವಳು ನಾನು. ಒಮ್ಮೆ ಒಬ್ಬ ದುಶ್ಶಾಸನ ಹರಿದ ಅಂಗಿ ಹಿಡಿದುಕೊಂಡು ಓಡಿ ಬಂದ. ತೇಪೆ ಹಾಕಿಕೊಟ್ಟೆ. ಇಂಥ ಮಾಸಿದ ಬಟ್ಟೆಗೆ ಊರವರು ಬಾಡಿಗೆ ಬೇರೆ ಕೊಡುತ್ತಾರೆಂದು ಅವನಿಂದ ತಿಳಿದ ದಿನವೇ ರವಿಕೆ ಹೊಲಿಯುವುದು ಬಿಟ್ಟೆ. ಆಮೇಲೆ ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಯಾವ ಊರಲ್ಲಿ ರಾಮ ಹುಟ್ಟಿದರೂ ನನ್ನ ಅಂಗಡಿಯ ಅಡಿಕೆ ವಾಸನೆ ಹೊತ್ತೇ ಹುಟ್ಟಿದ. ಜನ ನನ್ನ ಹೆಸರು ಮರೆತು ‘ಡ್ರೆಸ್ಸಕ್ಕ’ ಎಂದರು.

ಈಗ ಅಂಗಡಿಯನ್ನು ತಂಗಿಯ ಮಗಳು ಶೈಲಾ ನೋಡಿಕೊಳ್ಳುತ್ತಾಳೆ. ಅವಳಿಗೂ ಅವಳಂಥವರಿಗೂ ಹೇಳಬೇಕಾದ್ದನ್ನೆಲ್ಲ ಸೊಕ್ಕೆ ಎಂಬ ಊರಿನ ಓಬಳಪ್ಪನಿಗೆ ರಾವಣನ ಪಾತ್ರ ಕೈತಪ್ಪುವುದರಲ್ಲಿದ್ದ ಕಥೆಯೊಂದರಲ್ಲೇ ಹೇಳಬಹುದು. ಅದಕ್ಕೆ ಮೊದಲು ನನ್ನ ಎರಡು ಪೆಟ್ಟುಗಳನ್ನು ಹೇಳಿಬಿಡುತ್ತೇನೆ. ಆ ಪೆಟ್ಟು ತಿನ್ನದಿದ್ದರೆ ಸೊಕ್ಕೆಯಲ್ಲಿ ನಾನು ಬಚಾವಾಗುತ್ತಿರಲಿಲ್ಲ.

ಎಲ್ಲಕ್ಕೂ ಮೂಲ ಸಿನಿಮಾ. ಮೊದಲೆಲ್ಲ ರಾಮನೆಂದರೆ ನುಣ್ಣಗೆ ಮುಖ ಕ್ಷೌರ ಮಾಡಿಸಿ, ಮುಗುಳ್ನಗುತ್ತ ನಿಲ್ಲುವವನು. ಹೊಸ ಪುರಾಣದ ಸಿನಿಮಾಗಳು ಶುರುವಾದ ಮೇಲೆ ರಾಮನ ನಗು ಹೋಗಿ ಮೈಕಟ್ಟು ಬಂತು. ರಾಕ್ಷಸರ ಕೋರೆಹಲ್ಲು ಹೋಗಿ ಗಡ್ಡ ಬಂತು. ಲಂಕೆಯಲ್ಲಿ ಬಣ್ಣವೇ ಇಲ್ಲ, ಎಲ್ಲ ಕಪ್ಪು. ಅಂಥ ಸಿನಿಮಾ ಬಿಡುಗಡೆಯಾದ ವಾರವೇ ನಾನು ದಾವಣಗೆರೆಗೆ ಹೋಗಿ ನೋಡಿಬರುತ್ತಿದ್ದೆ. ಪಕ್ಕದವರು ಸೀತೆಗಾಗಿ ಕಣ್ಣೀರು ಹಾಕುವಾಗ ನಾನು ಅವಳ ಸೆರಗಿನ ಅಂಚು ನೋಡುತ್ತಿದ್ದೆ. ಶೈಲಾ, ನೀನೂ ಹಾಗೇ ಮಾಡು. ಕಥೆ ನಿನಗೆ ಗೊತ್ತಿದ್ದದ್ದೇ. ಹೊಲಿಗೆ ನೋಡು. ತಿಂಗಳೊಪ್ಪತ್ತಿನಲ್ಲಿ ಮೊಬೈಲಿನಲ್ಲಿ ಆ ಚಿತ್ರ ಹಿಡಿದುಕೊಂಡು, “ಅಕ್ಕಾ, ಹಿಂಗೇ ಬೇಕು” ಎಂದು ಹುಡುಗರು ಮೆಟ್ಟಿಲು ಹತ್ತುತ್ತಾರೆ. ಅಷ್ಟರಲ್ಲಿ ನೀನು ತಯಾರಿರಬೇಕು.

ಹೊನ್ನಾಳಿಯ ಭೀಮ ಹಾಗೆ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಕಡ್ಡಿಯಂಥ ಹುಡುಗ, ಆದರೆ ಸಿನಿಮಾದ ಭೀಮನ ಮೈಯೇ ಬೇಕೆಂದು ಹಟ. ಹಾಸಿಗೆಯ ಸ್ಪಂಜು ಕತ್ತರಿಸಿ, ಮೈಬಣ್ಣದ ಬನಿಯನ್ನಿನ ಒಳಗೆ ಎದೆ, ತೋಳು, ಹೊಟ್ಟೆಯ ಕಟ್ಟು ಎಲ್ಲ ಕೂರಿಸಿ ಹೊಲಿದುಕೊಟ್ಟೆ. ಹಾಕಿಕೊಂಡವನು ಕನ್ನಡಿ ಬಿಟ್ಟು ಕದಲಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪ್ರಚಾರಕ್ಕೆ ವಿಡಿಯೋ ಮಾಡುತ್ತೇವೆಂದು ತಂಡದವರೆಲ್ಲ ಹೊಳೆಗೆ ಇಳಿದರು. ದುರ್ಯೋಧನ ನೀರಲ್ಲಿ ಅಡಗಿರುವುದು, ಭೀಮ ಅವನನ್ನು ಹೊರಗೆ ಕರೆಯುವುದು. ಭೀಮ ಆವೇಶದಲ್ಲಿ ಸೊಂಟದವರೆಗೆ ನೀರಿಗೆ ನುಗ್ಗಿ ಮುಗ್ಗರಿಸಿದ. ಸ್ಪಂಜು ತುಂಗಭದ್ರೆಯನ್ನು ಕುಡಿಯತೊಡಗಿತು. ಏಳಲು ಹೋದರೆ ಮೈ ಮೇಲೇಳುತ್ತಿಲ್ಲ!

“ಎಳ್ಕಳಲೇ! ಮುಳುಗ್ತೀನಿ ಕಣಲೇ!” ಎಂದು ಭೀಮ ಕೂಗಿದ. ಅಡಗಿದ್ದ ದುರ್ಯೋಧನನೇ ಈಜಿಕೊಂಡು ಬಂದು, ಕಂಕುಳಿಗೆ ಕೈಹಾಕಿ ಅವನನ್ನು ದಡಕ್ಕೆ ಎಳೆದ. ಕ್ಯಾಮೆರಾ ಹಿಡಿದವನು ನಿಲ್ಲಿಸಬೇಕೋ ಬೇಡವೋ? ನಿಲ್ಲಿಸಲಿಲ್ಲ. ವಿಡಿಯೋ ಊರೂರು ತಿರುಗಿತು. ಅದನ್ನು ನೋಡಿದ ಪಕ್ಕದ ಹಳ್ಳಿಯವರು ಬಂದು, “ಡ್ರೆಸ್ಸಕ್ಕಾ, ನಮ್ಮೂರಾಗೂ ದುರ್ಯೋಧನನ್ನ ಒಳ್ಳೇನು ಮಾಡಾಣ ಅಂತ ಐದೀವಿ. ಒಂಚೂರು ಚೆಂದಂದು ಡ್ರೆಸ್ಸು ತೋರಿಸ್ರಿ” ಎಂದರು. ಅಂದಿನಿಂದ ನಾನು ಸ್ಪಂಜಿಗೆ ಪ್ಲಾಸ್ಟಿಕ್ ಹೊದಿಸಿ ಹೊಲಿಯತೊಡಗಿದೆ, ದುರ್ಯೋಧನನ ಬಾಡಿಗೆಯನ್ನೂ ಏರಿಸಿದೆ.

ಎರಡನೆಯ ಪೆಟ್ಟು ನ್ಯಾಮತಿಯಲ್ಲಿ. ಅಲ್ಲಿಯವರಿಗೆ ಬಕಾಸುರ ಬೇಕಾಗಿದ್ದ, ಅದೂ ಸಿನಿಮಾದಲ್ಲಿ ಕಂಪ್ಯೂಟರಿನಿಂದ ಮಾಡಿದ ರಾಕ್ಷಸನ ಹಾಗೆ. ಕೊಂಬು, ಹುರುಪೆ, ಮೊಸಳೆಯಂಥ ಮೂತಿ ಇದ್ದ ರಬ್ಬರಿನ ಮುಖವಾಡ ತರಿಸಿದೆ. ಅದನ್ನು ಕಂಡವರೆಲ್ಲ ಹೆದರಿದರು. ಆದರೆ ನ್ಯಾಮತಿಯ ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಬಕಾಸುರ ಬಂದ ಕೂಡಲೇ ರಂಗದ ಮೇಲೆ ನಿಜವಾದ ಎಲೆ ಹಾಕಿ, ನಿಜವಾದ ಹೋಳಿಗೆ ಬಡಿಸುತ್ತಿದ್ದರು. ಪಾತ್ರ ಮಾಡುವ ಪುಣ್ಯಾತ್ಮ ಒಪ್ಪಿದ್ದೇ ಆ ಹೋಳಿಗೆಗಾಗಿ. ಬೆಳಗಿನಿಂದ ಉಪವಾಸ ಬೇರೆ ಇದ್ದ. ಎಲೆಯ ಮುಂದೆ ಕುಳಿತ, ಹೋಳಿಗೆಗೆ ತುಪ್ಪ ಬಿತ್ತು. ಮುಖವಾಡದ ಬಾಯಿ ತೆರೆಯಲಿಲ್ಲ.

ಮೂತಿಗೆ ಒತ್ತಿದ, ಮೂಗಿನ ತೂತಿನಲ್ಲಿ ತುರುಕಿದ. ಬಯ್ದದ್ದೂ ಕೇಳಿಸಲಿಲ್ಲ, “ಊಂ... ಊಂ...” ಎಂದಷ್ಟೇ ಬಂತು. ಜನ ಅದನ್ನೇ ಗರ್ಜನೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಭೀಮ ಬಂದು ಎದುರಿಗೇ ಕುಳಿತು ಅಷ್ಟೂ ಹೋಳಿಗೆ ತಿಂದ. ಆಟ ಮುಗಿದ ಮೇಲೆ ಬಕಾಸುರ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಟೆಂಪೋ ಹತ್ತಿ ಆಗಿತ್ತು. ಬರೆದಿಟ್ಟುಕೊಳ್ಳಿ: ರಾಕ್ಷಸನ ಕಣ್ಣು ಮುಚ್ಚಿದರೂ ನಡೆದೀತು, ಬಾಯಿ ಮಾತ್ರ ಮುಚ್ಚಬಾರದು.

ಇನ್ನು ಸೊಕ್ಕೆಗೆ ಬರೋಣ.

ಜಗಳೂರು ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟುಕೊಂಡಿದ್ದ ಓಬಳಪ್ಪ ಸೊಕ್ಕೆಯವನು. “ಬಿಸಿ ಮಿರ್ಚೀ...” ಎಂದು ಅವನು ಒಂದು ಸಲ ಕೂಗಿದರೆ ಬಸ್ಸಿನ ಡ್ರೈವರು ಹಾರ್ನ್ ಎಂದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ. ಅವನ ಊರಿನ ತಂಡದಲ್ಲಿ ರಾವಣ ಯಾವಾಗಲೂ ಅವನೇ. ನನ್ನಲ್ಲಿದ್ದ ಹತ್ತು ತಲೆಯ ಕಟ್ಟನ್ನು ಅವನಂತೆ ಹೊತ್ತವರಿಲ್ಲ. ಬಿದಿರಿನ ದಬ್ಬೆಗೆ ಕಾಗದ ಮೆತ್ತಿ ಮಾಡಿದ ಒಂಬತ್ತು ತಲೆಗಳು, ನಡುವೆ ಪಾತ್ರಧಾರಿಯ ಸ್ವಂತದ್ದು. ಎಡಕ್ಕೆ ಐದು, ಬಲಕ್ಕೆ ನಾಲ್ಕು. ಹಾಗಾಗಿ ಕಟ್ಟು ಎಡಕ್ಕೆ ಎಳೆಯುತ್ತದೆ. ಬೀಳದೆ ನಿಲ್ಲಬೇಕಾದರೆ ಬಲಗಾಲು ಊರಿ, ಎಡಭುಜ ಎತ್ತಿ, ಎದೆ ಮುಂದೆ ಮಾಡಬೇಕು. ಕೆಳಗೆ ನೋಡುವ ಹಾಗೇ ಇಲ್ಲ. ಜನ ಅದನ್ನು ರಾವಣನ ಗತ್ತು ಎನ್ನುತ್ತಿದ್ದರು. ಅದು ಗತ್ತಲ್ಲ, ಭಾರ. ನನಗೆ ಮತ್ತು ಓಬಳಪ್ಪನಿಗೆ ಮಾತ್ರ ಗೊತ್ತಿತ್ತು.

ಆ ವರ್ಷ ತಂಡದ ಹಾರ್ಮೋನಿಯಂ ಮೇಷ್ಟ್ರು ಕೊಟ್ರಪ್ಪನವರು ಫೋನು ಮಾಡಿದರು.

“ಡ್ರೆಸ್ಸಕ್ಕಾ, ಈ ಸಲ ರಾವಣಂಗೆ ಒಂದೇ ತಲೆ ಸಾಕಂತೆ. ಒಂಬತ್ತು ತಲೆ ಬಾಡಿಗೆ ಕಡಿಮೆ ಮಾಡಾಕೆ ಹೇಳ್ರಿ ಅಂತ ಹುಡುಗ್ರು ಕುಂತಾರೆ.”

“ತಲೆನ ಬಿಡಿಯಾಗಿ ಕೊಡಾಕೆ ನಾನೇನು ತೆಂಗಿನಕಾಯಿ ಅಂಗಡಿ ಇಟ್ಟೀನಾ, ಮೇಷ್ಟ್ರೇ? ಓಬಳಪ್ಪ ಏನಂತಾನೆ?”

“ಅವನ ಪಾತ್ರಕ್ಕೇ ಸಂಚಕಾರ ಬಂದೈತೆ. ಜೆಸಿಬಿ ಮಂಜ ರಾವಣ ಆಗ್ತೀನಿ ಅಂತಾನೆ.”

ಜೆಸಿಬಿ ಓಡಿಸುವ ಮಂಜನಿಗೆ ಜಿಮ್ಮಿನ ಮೈ ಇತ್ತು, ಹಿಂದೆ ಹುಡುಗರ ದಂಡಿತ್ತು. ಹೊಸ ಸಿನಿಮಾದಲ್ಲಿ ರಾವಣ ಕಪ್ಪು ಚರ್ಮದ ಉಡುಪು ಹಾಕಿ, ಗಡ್ಡ ಬಿಟ್ಟು, ನಿಧಾನವಾಗಿ ನಡೆದು ಬರುತ್ತಾನೆ. ಅವನಿಗೆ ನೋವಿದೆ, ಕಾರಣವಿದೆ, ಅವನು ನಿಜವಾಗಿ ಕೆಟ್ಟವನಲ್ಲ ಎಂದು ಹುಡುಗರ ವಾದ. ಹಿರಿಯರದು ಒಂದೇ ಮಾತು: ಹತ್ತು ತಲೆ ಇಲ್ಲದವನು ರಾವಣನಲ್ಲ. ನಮ್ಮ ಕಡೆ ಪಾತ್ರ ಬೇಕಾದವರೇ ಆಟದ ಖರ್ಚಿಗೆ ಪಾಲು ಕೊಡುವುದು ಪದ್ಧತಿ. ಅದರಲ್ಲೂ ರಾವಣನ ಪಾಲು ರಾಮನದಕ್ಕಿಂತ ಯಾವತ್ತೂ ಜಾಸ್ತಿ. ರಾಕ್ಷಸನೇ ನಾಯಕ ಎಂಬುದು ಸಿನಿಮಾದವರಿಗೆ ಈಗ ಹೊಳೆದಿದೆ, ಸೊಕ್ಕೆಯವರಿಗೆ ಅಜ್ಜನ ಕಾಲದಿಂದ ಗೊತ್ತು. ಆ ಸಲ ಇಬ್ಬರೂ ಸರಿಸಮ ಪಾಲು ಕೊಡಲು ನಿಂತದ್ದರಿಂದ ಪೈಪೋಟಿ ಇಡಬೇಕಾಯಿತು. ಭಾನುವಾರ ಮಧ್ಯಾಹ್ನ ಇಬ್ಬರೂ ರಾವಣನ ಪ್ರವೇಶ ಮಾಡಿ ತೋರಿಸಬೇಕು. ಊರು ಯಾರನ್ನು ಒಪ್ಪುತ್ತದೋ ಅವನೇ ರಾವಣ.

ಆ ವಾರ ಓಬಳಪ್ಪ ಚನ್ನಗಿರಿಗೆ ಬಂದ. ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಬಾಗಿಲು ಹಾಕಿಕೊಂಡ.

“ಅಕ್ಕಾರೇ, ಯಾರಿಗೂ ಹೇಳಬ್ಯಾಡ್ರಿ. ಆ ಸಿನಿಮಾ ರಾವಣಂದು ಕರೇ ಕೋಟು ಐತಲ್ಲ, ಅದು ನನ್ನ ಅಳತೆಗೆ ಆಗ್ತದಾ?”

“ಓಬಳಪ್ಪಾ! ನಿಂಗ್ಯಾಕೋ ಅದು?”

“ಹುಡುಗ್ರು ನನ್ನ ಹಳೇ ರಾವಣ ಅಂತಾರೆ. ಹೊಸಾ ರಾವಣನೂ ನಾನೇ ಅಂತ ತೋರಿಸ್ಬೇಕು. ಈ ಪಾತ್ರ ಬಿಟ್ರೆ ನಾನು ಬರೀ ಮಿರ್ಚಿ ಓಬಳಪ್ಪ ಅಷ್ಟೇ ಕಣ್ರಿ.”

ಆ ಮಾತು ನನಗೆ ಚುಚ್ಚಿತು. ಅಳತೆ ತೆಗೆದುಕೊಂಡೆ. ಅವನ ಹೊಟ್ಟೆಗೆ ಸ್ಪಂಜಿನ ಕಟ್ಟು ಕೂರಿಸಲು ಬಟ್ಟೆ ಸಾಲದೆ, ಆಟೋ ಸೀಟಿಗೆ ಹಾಕುವ ರೆಕ್ಸಿನ್ನಿನಲ್ಲೇ ಹೊಲಿಯಬೇಕಾಯಿತು.

ಅದರ ಮರುದಿನ ಮಂಜ ಬಂದ. ಅವನೂ ಬಾಗಿಲು ಹಾಕಿಕೊಂಡ.

“ಅಕ್ಕಾ, ಯಾರಿಗೂ ಹೇಳಬ್ಯಾಡ. ಆ ಹತ್ತು ತಲೆ ಒಂದ್ಸಲ ಹಾಕ್ಕಂಡು ನೋಡ್ಲಾ?”

“ಬ್ಯಾಡ ಅಂತಿದ್ದೋನು ನೀನೇ ಅಲ್ಲೇನೋ?”

“ಹಿರೇರ್ನ ಒಪ್ಸಾಕೆ ಬೇರೆ ದಾರಿ ಇಲ್ಲ.” ಕಟ್ಟಿನ ಕಡೆ ನೋಡುತ್ತ ದನಿ ತಗ್ಗಿಸಿದ. “ಅದೂ ಅಲ್ದೆ, ಚಿಕ್ಕೋನಿದ್ದಾಗಿಂದ ಆಸೆ ಐತೆ.”

ಇಬ್ಬರ ಗುಟ್ಟನ್ನೂ ಕಾಪಾಡಿದೆ, ಇಬ್ಬರಿಂದಲೂ ಮುಂಗಡ ಹಿಡಿದೆ. ಇದರಲ್ಲಿ ತಪ್ಪೇನಿದೆ? ಗುಟ್ಟು ಕಾಪಾಡುವುದಕ್ಕೂ ಜಾಗ ಬೇಕು, ಜಾಗಕ್ಕೆ ಬಾಡಿಗೆ ಇದ್ದೇ ಇರುತ್ತದೆ.

ಭಾನುವಾರ ಸೊಕ್ಕೆಯ ಶಾಲೆಯ ಬಯಲಲ್ಲಿ ಹಿರಿಯರು ಒಂದು ಕಡೆ, ಹುಡುಗರು ಒಂದು ಕಡೆ ಕುಳಿತಿದ್ದರು. ನಡುವೆ ಸೀತೆಯ ಪಾತ್ರಕ್ಕೆಂದು ದಾವಣಗೆರೆಯಿಂದ ಬರುತ್ತಿದ್ದ ಕಲಾವಿದೆ ಸುಮಂಗಲಮ್ಮ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಮೇಷ್ಟ್ರು ಹಾರ್ಮೋನಿಯಂ ಒತ್ತಿದರು. ಪರದೆ ಸರಿಯಿತು.

ಕರಿ ರೆಕ್ಸಿನ್ ತೊಟ್ಟು, ಸ್ಪಂಜಿನ ಎದೆ ಉಬ್ಬಿಸಿ ಬಂದವನು ಓಬಳಪ್ಪ. ಹಿರಿಯರ ಬಾಯಿ ತೆರೆದೇ ಉಳಿಯಿತು. ಹುಡುಗರು ಶಿಳ್ಳೆ ಹೊಡೆದರು. ಇನ್ನೊಂದು ಪಕ್ಕದಿಂದ ಹತ್ತು ತಲೆ ಹೊತ್ತು, ಬಲಗಾಲು ಊರಿ, ಎಡಭುಜ ಎತ್ತಿ ಬಂದವನು ಮಂಜ. ಭಾರವೇ ಅವನಿಗೆ ನಡಿಗೆ ಕಲಿಸಿತ್ತು. ಹಿರಿಯರಲ್ಲೊಬ್ಬರು ತಮಗೇ ತಿಳಿಯದೆ ಎದ್ದು ನಿಂತರು.

ಈಗ ಪಂಚಾಯಿತಿ ಹೇಗೆ ಮಾಡುವುದು? ಹತ್ತು ತಲೆ ಬೇಕೆಂದ ಹಿರಿಯರು ಮಂಜನಿಗೆ ಕೈ ಎತ್ತಬೇಕು, ಕರಿ ಕೋಟು ಬೇಕೆಂದ ಹುಡುಗರು ಓಬಳಪ್ಪನಿಗೆ. ಇಬ್ಬರೂ ಪಾತ್ರಧಾರಿಗಳು ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ಒಟ್ಟಿಗೇ ನನ್ನ ಕಡೆ ತಿರುಗಿದರು. ನಾನು ಕಿರೀಟ ಒರೆಸುತ್ತ ಕುಳಿತೆ.

“ಮಾತಾಡ್ರಪ್ಪಾ, ಯಾರಾದ್ರೂ,” ಎಂದಳು ಸುಮಂಗಲಮ್ಮ. “ನನ್ನ ಕದ್ದೊಯ್ಯೋರು ಯಾರು ಅಂತ ನನಗಾದ್ರೂ ಗೊತ್ತಾಗ್ಬೇಕಲ್ಲ.”

ಮಂಜ ಬಾಯಿ ತೆರೆದ. “ಎಲೈ ಸೀತೇ!” ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ! ಜಾತ್ರೆಯ ಪೀಪಿ ಊದಿದ ಹಾಗಾಯಿತು. ಹತ್ತು ತಲೆಗಳಲ್ಲಿ ಯಾವುದು ಮಾತಾಡಿತೆಂದು ಜನ ಹುಡುಕಿದರು. ಆಗ ಓಬಳಪ್ಪ ಉಸಿರು ಎಳೆದುಕೊಂಡ. “ಎಲೈ ಸೀತೇ!” ಬಯಲು ನಡುಗಿತು, ಬೇವಿನ ಮರದ ಕಾಗೆ ಎದ್ದು ಹೋಯಿತು. ಅದರ ಜೊತೆಗೇ ಬೆನ್ನಿನ ರೆಕ್ಸಿನ್ ಚರ್ರೆಂದು ಮೇಲಿನಿಂದ ಕೆಳಗಿನವರೆಗೆ ಹರಿದು, ಸ್ಪಂಜಿನ ಹೊಟ್ಟೆಯ ಕಟ್ಟು ಉದುರಿ ಸುಮಂಗಲಮ್ಮನ ಕಾಲ ಬಳಿ ಬಿತ್ತು. ಅವಳು ಅದನ್ನು ಎತ್ತಿ, “ಲಂಕಾಧಿಪತೀ, ನಿಮ್ಮ ಮೈ ಬಿತ್ತು ನೋಡ್ರಿ” ಎಂದು ಕೈಗೆ ಕೊಟ್ಟಳು.

ಜನ ಬಿದ್ದು ಬಿದ್ದು ನಕ್ಕರು. ಓಬಳಪ್ಪ ನಗಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಪರದೆಯ ಹಿಂದೆ ಹೋಗಿ, ಖಾಲಿ ಡ್ರೆಸ್ಸಿನ ಪೆಟ್ಟಿಗೆಯ ಮೇಲೆ ಕುಳಿತ. ಹಿಂದೆಯೇ ಮಂಜನೂ ಬಂದು ತಲೆಗಳ ಕಟ್ಟು ಇಳಿಸಿದ. ಚೌಕಾಶಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಇಬ್ಬರೂ ಸೋತಿರಬೇಕು, ಯಾರೂ ಮನೆಗೆ ಹೋಗಿರಬಾರದು. ಬಾಯಿ ಮುಚ್ಚಿಹೋಗಿದ್ದ ನ್ಯಾಮತಿಯ ಬಕಾಸುರ ನೆನಪಾದ.

“ಸಿನಿಮಾ ಸಿನಿಮಾ ಅಂತೀರಲ್ಲ,” ಎಂದೆ. “ಅಲ್ಲಿ ಮೈ ಒಬ್ಬಂದು, ದನಿ ಒಬ್ಬಂದು ಇರಲ್ವಾ? ಮಂಜಾ, ಹತ್ತು ತಲೆ ನೀನು ಹೊತ್ಕೋ. ಓಬಳಪ್ಪಾ, ನೀನು ಪರದೆ ಪಕ್ಕ ಮೈಕು ಹಿಡ್ಕಂಡು ಮಾತಾಡು.”

ಆಮೇಲೆ ಓಬಳಪ್ಪ ನನ್ನನ್ನು ಪಕ್ಕಕ್ಕೆ ಕರೆದ. “ಒಪ್ಪಿದೆ ಅಕ್ಕಾರೇ. ಆದ್ರೆ ದನಿ ನಂದು ಅಂತ ಬಂದೋರಿಗೆಲ್ಲ ಗೊತ್ತಾಗ್ಬೇಕು.”

ಮಂಜ ಇನ್ನೊಂದು ಪಕ್ಕಕ್ಕೆ ಕರೆದ. “ಒಪ್ಪಿದೆ ಅಕ್ಕಾ. ಆದ್ರೆ ದನಿ ನಂದಲ್ಲ ಅಂತ ಯಾರಿಗೂ ಗೊತ್ತಾಗ್ಬಾರ್ದು. ಬ್ಯಾರೆ ಊರೋರೆಲ್ಲ ಬರ್ತಾರೆ.”

ಇಬ್ಬರಿಗೂ “ಆಗ್ಲಿ” ಎಂದೆ. ಹತ್ತು ತಲೆ ಉಳಿಯಿತೆಂದು ಹಿರಿಯರು, ಮಂಜನ ಮೈ ಉಳಿಯಿತೆಂದು ಹುಡುಗರು ಒಪ್ಪಿಕೊಂಡರು.

ಹೊರಡುವಾಗ ರಾಮನ ಪಾತ್ರದ ತಿಪ್ಪೇಶ ಅಡ್ಡ ಬಂದ. ಸಿನಿಮಾದ ರಾಮ ಒಂದೇ ಸಲಕ್ಕೆ ಬಾಣಗಳ ಮಳೆ ಸುರಿಸುತ್ತಾನಂತೆ, ತನಗೂ ಬತ್ತಳಿಕೆ ತುಂಬ ಬಾಣ ಬೇಕಂತೆ. “ರಾಮಬಾಣ ಅಂದ್ರೆ ಒಂದೇ ಕಣಪ್ಪ. ಎರಡು ಬೇಕಾದ್ರೆ ಅದು ರಾಮಬಾಣ ಹೆಂಗಾದೀತು?” ಎಂದು ಸಾಗಹಾಕಿದೆ. ನನ್ನ ಬತ್ತಳಿಕೆಯ ಮರ್ಮ ಬೇರೆ. ಒಂದೇ ನಿಜವಾದ ಬಾಣ, ಉಳಿದದ್ದೆಲ್ಲ ರಟ್ಟಿಗೆ ಅಂಟಿಸಿದ ಗರಿಯ ತುದಿಗಳು. ದೂರಕ್ಕೆ ತುಂಬಿದ ಹಾಗೆ ಕಾಣುತ್ತದೆ, ಹೊರುವುದಕ್ಕೆ ಹಗುರ.

ಆಟವನ್ನು ಹುಡುಗರ ಇಷ್ಟದಂತೆ ಸಿನಿಮಾದಷ್ಟಕ್ಕೆ ಮೊಟಕು ಮಾಡಿ, ಶಾಮಿಯಾನದ ಕೆಳಗೆ ಮ್ಯಾಟಿನಿ ಇಟ್ಟಿದ್ದರು. ಸುತ್ತಲ ಊರವರೆಲ್ಲ ಬಂದರು. ಮಂಜ ಹತ್ತು ತಲೆ ಹೊತ್ತು ನಿಂತರೆ, ಪಕ್ಕದ ಪರದೆಯ ಮರೆಯಿಂದ ಓಬಳಪ್ಪನ ದನಿ. ಮೈಗೂ ದನಿಗೂ ಕೂದಲೆಳೆಯಷ್ಟೂ ಅಂತರವಿಲ್ಲ. “ಜೆಸಿಬಿ ಮಂಜನ ಗಂಟಲಾಗೆ ಇದು ಎಲ್ಲಿತ್ತಪ್ಪಾ!” ಎಂದು ಪಕ್ಕದೂರಿನವರು ಬೆರಗಾದರು. ಅವರ ಪ್ರತಿಯೊಂದು ಚಪ್ಪಾಳೆಗೂ ಓಬಳಪ್ಪನ ಮುಖ ಸ್ವಲ್ಪ ಸ್ವಲ್ಪವೇ ಬಾಡುವುದು ನನಗೆ ಕಾಣುತ್ತಿತ್ತು. ನನ್ನ ಕಡೆ ತಿರುಗಿ, ಮೈಕು ಮುಚ್ಚಿ, “ಗೊತ್ತಾಗ್ಬೇಕು ಅಂದಿದ್ನಲ್ಲ ಅಕ್ಕಾರೇ?” ಎಂದ. ನಾನು, “ತಡಿ, ತಡಿ” ಎಂದೆ. ಏನು ತಡೆಯಬೇಕೆಂದು ನನಗೂ ಗೊತ್ತಿರಲಿಲ್ಲ.

ಕೊನೆಯ ಯುದ್ಧ ಬಂತು. ತಿಪ್ಪೇಶ ಬಾಣ ಬಿಟ್ಟ. ಮಂಜ ಅದನ್ನು ಕಂಕುಳಲ್ಲಿ ಹಿಡಿದು, ಹತ್ತು ತಲೆ ಸಮೇತ ಜಾಗರೂಕತೆಯಿಂದ ಬಿದ್ದು ಸತ್ತ. ಹಾರ್ಮೋನಿಯಂ ನಿಂತಿತು. ಪರದೆಯವನು ಹಗ್ಗಕ್ಕೆ ಕೈ ಹಾಕಿದ.

“ನಿಲ್ಲು ರಾಘವಾ! ರಾವಣನ ಮಾತು ಇನ್ನೂ ಮುಗಿದಿಲ್ಲ!”

ರಾವಣ ಸತ್ತು ಬಿದ್ದಿದ್ದಾನೆ, ದನಿ ಮಾತ್ರ ಇನ್ನೂ ಬದುಕಿದೆ! ಓಬಳಪ್ಪ ಕಣ್ಣು ಮುಚ್ಚಿಕೊಂಡು ತನ್ನ ತಾಯಿಯನ್ನು, ಲಂಕೆಯನ್ನು, ಸತ್ತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದ. ಹಿಂದಿನ ಸಾಲಿನಲ್ಲಿ ಯಾರೋ, “ಏಯ್, ಮಿರ್ಚಿ ಓಬಳಪ್ಪಂದು ದನಿ ಕಣಲೇ ಅದು!” ಎಂದು ಕೂಗಿದರು. “ಹೌದೇ ಹೌದು!” ಎಂದಿತು ಬಯಲು. “ವನ್ಸ್ ಮೋರ್, ಓಬಳಪ್ಪಾ!”

ಮಂಜನ ಮಾನ ಹೋಯಿತು, ಈಗ ಎದ್ದು ಹತ್ತು ತಲೆ ಕಿತ್ತು ಬಿಸಾಡುತ್ತಾನೆ ಎಂದುಕೊಂಡೆ. ಅವನು ಎದ್ದದ್ದು ನಿಜ. ಆದರೆ ಬಿಸಾಡಲಿಲ್ಲ. ಬಲಗಾಲು ಊರಿದ, ಎಡಭುಜ ಎತ್ತಿದ, ಪರದೆಯ ಮರೆಗೆ ಕೈ ಚಾಚಿ ಓಬಳಪ್ಪನ ರಟ್ಟೆ ಹಿಡಿದು ರಂಗದ ಮೇಲಕ್ಕೆ ಎಳೆದ. ಒಬ್ಬ ರಾವಣ ಮೈಕು ಹಿಡಿದು ಗುಡುಗಿದ, ಇನ್ನೊಬ್ಬ ಹತ್ತು ತಲೆ ಆಡಿಸಿದ. ಜನ ಹುಚ್ಚೆದ್ದು ಹೋದರು.

ಪಾಪ, ತಿಪ್ಪೇಶ ಮತ್ತೊಮ್ಮೆ ಕೊಲ್ಲಬೇಕಲ್ಲ? ಬತ್ತಳಿಕೆಗೆ ಕೈ ಹಾಕಿ ಎಳೆದ. ಗರಿ, ರಟ್ಟು, ಬತ್ತಳಿಕೆ ಮೂರೂ ಒಟ್ಟಿಗೇ ಕಿತ್ತು ಕೈಗೆ ಬಂತು. ನನ್ನ ಕಡೆ ನೋಡಿದ ನೋಟದಲ್ಲಿ ರಾಮನ ಶಾಂತಿ ಚೂರೂ ಇರಲಿಲ್ಲ. ಆಗ ಮಂಜ ತನ್ನ ಕಂಕುಳಿಂದ ಬಾಣ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಗೌರವದಿಂದ ರಾಮನಿಗೆ ವಾಪಸು ಕೊಟ್ಟ. ಓಬಳಪ್ಪ ಅರೆಗಳಿಗೆಯೂ ತಡವರಿಸಲಿಲ್ಲ.

“ತೆಗೆದುಕೋ ರಾಘವಾ, ಇನ್ನೊಮ್ಮೆ ಹೂಡು! ಪರರ ವಸ್ತುವನ್ನು ಇಟ್ಟುಕೊಳ್ಳುವ ವಂಶ ನಮ್ಮದಲ್ಲ!”

ಪಕ್ಕದ ಪರದೆಯಿಂದ ಸುಮಂಗಲಮ್ಮ ತಲೆ ಹೊರಗೆ ಹಾಕಿದಳು. “ಹಂಗಾದ್ರೆ ನನ್ನ ಯಾಕಪ್ಪ ಇಷ್ಟು ದಿನ ಇಟ್ಕಂಡಿದ್ದಿ?”

ಆ ನಗು ಜಗಳೂರಿನವರೆಗೆ ಕೇಳಿಸಿತೆಂದು ಹೇಳುವವರಿದ್ದಾರೆ. ಎರಡನೆಯ ಬಾಣಕ್ಕೆ ಇಬ್ಬರು ರಾವಣರೂ ಕೈ ಕೈ ಹಿಡಿದುಕೊಂಡು ಬಿದ್ದರು. ಮಾರನೆಯ ವರ್ಷ ಸೊಕ್ಕೆಯವರು ಪೈಪೋಟಿ ಇಡಲಿಲ್ಲ. ರಾವಣ ಎಂದರೆ ಇಬ್ಬರು ಎಂದು ಹಿರಿಯರೂ ಒಪ್ಪಿದ್ದರು. ಮಂಜ ಈಗಲೂ ಸಂಜೆ ಜೆಸಿಬಿ ನಿಲ್ಲಿಸಿ ಓಬಳಪ್ಪನ ಗಾಡಿಯ ಹತ್ತಿರ ಮಿರ್ಚಿ ತಿನ್ನಲು ಹೋಗುತ್ತಾನಂತೆ. “ಮಿರ್ಚಿ ರಾವಣ ಎಲ್ಲಿ?” ಎಂದು ಹೊಸಬರು ಕೇಳಿದರೆ ಮಂಜನೇ ಓಬಳಪ್ಪನ ಕಡೆ ಕೈ ತೋರಿಸುತ್ತಾನಂತೆ.

ಎಷ್ಟೋ ಸಿನಿಮಾ ನೋಡಿದ್ದೇನೆ. ತನ್ನನ್ನು ಕೊಲ್ಲುವವನಿಗೆ ಬಾಣ ವಾಪಸು ಕೊಟ್ಟ ರಾವಣನನ್ನು ಯಾರೂ ಇನ್ನೂ ತೆಗೆದಿಲ್ಲ. ತೆಗೆದರೆ ಮೊದಲ ವಾರವೇ ಹೋಗು ಶೈಲಾ, ಡ್ರೆಸ್ಸು ನೋಡಿಕೊಂಡು ಬಾ. ಅಲ್ಲಿಯವರೆಗೆ ಒಂದು ಮಾತು ನೆನಪಿಟ್ಟುಕೋ: ರಾವಣ ಇರುವ ಆಟಕ್ಕೆ ನಿಜವಾದ ಬಾಣ ಎರಡು ಕಳಿಸು. ಎರಡನೆಯದಕ್ಕೆ ಬಾಡಿಗೆ ಬೇರೆ.